64 ಕ್ವಿಂಟಲ್ ಮೆಕ್ಕೆಜೋಳಕ್ಕೆ ನಿಜವಾಗಿ ಎಷ್ಟು ಜನ ಗಿರಾಕಿ? ಜಗಳೂರು ಕಡೆಯ ಒಂದು ಪ್ರಕರಣ

ನಮ್ಮ ಸೋದರಮಾವ ಜಗಳೂರು ತಾಲೂಕಿನವರು, ನಾಲ್ಕೆಕರೆ ಮಳೆ ನಂಬ್ಕೊಂಡಿರೋ ಹೊಲ, ಮುಂಗಾರಿಗೆ ಮೆಕ್ಕೆಜೋಳ. ನಾನು ಲಾ ಓದಿ ಈಗ ದಾವಣಗೆರೆಲಿ ಜಿಎಸ್‌ಟಿ ರಿಟರ್ನ್ಸ್ ಫೈಲ್ ಮಾಡ್ಕೊಂಡಿದೀನಿ. 2024ರ ನವೆಂಬರ್‌ನಲ್ಲಿ ದೀಪಾವಳಿ ಮುಗಿದು ಎರಡು ವಾರ ಆಗಿತ್ತು, ಮಾವ ಫೋನ್ ಮಾಡಿ "ಅಳಿಯಾ, ನಾಳೆ ಜೋಳ ಹಾಕ್ತೀನಿ, ನೀನೂ ಬಾ, ಚೀಟಿ ಲೆಕ್ಕ ನನಗೆ ತಿಳಿಯಂಗಿಲ್ಲ" ಅಂದ್ರು, ಹೋದೆ. ಜಿಲ್ಲೆಯ ಒಂದು ಮಾರುಕಟ್ಟೆ ಯಾರ್ಡ್, ಯಾವುದು ಅಂತ ಹೆಸರು ಬೇಡ, ಅಂಗಡಿ ಹೆಸರೂ ಬೇಡ, ಯಾಕಂದ್ರೆ ನಾನು ಹೇಳ್ಬೇಕಾಗಿರೋದು ಒಬ್ಬ ದಲಾಲರ ಬಗ್ಗೆ ದೂರು ಅಲ್ಲ.

ಬೆಳಿಗ್ಗೆ ಎಂಟಕ್ಕೆಲ್ಲ ಟ್ರಾಕ್ಟರ್ ಟ್ರೈಲರ್‌ನಿಂದ ಇಳಿಸಿ ದಲಾಲಿ ಅಂಗಡಿ ಮುಂದೆ ರಾಶಿ ಹಾಕಿದ್ರು. ಖರೀದಿದಾರ್ರು ಒಬ್ಬೊಬ್ಬರಾಗಿ ಬಂದ್ರು. ಒಂದು ಹಿಡಿ ಜೋಳ ತಗೊಂಡು ಅಂಗೈಲಿ ಉಜ್ಜಿ, ಊದಿ, ಒಂದು ಕಾಳು ಹಲ್ಲಿಗಿಟ್ಟು ಕಟಕ್ ಅಂತ ಕಡಿಯೋದು, ಆ ಸದ್ದಲ್ಲೇ ತೇವ ಎಷ್ಟಿದೆ ಅಂತ ಅವರಿಗೆ ಗೊತ್ತಾಗುತ್ತೆ, ಆಮೇಲೆ ಮೀಟರ್ ಹಾಕಿದ್ರೂ ಹೆಚ್ಚುಕಮ್ಮಿ ಅದೇ ಬರುತ್ತೆ. ಯಾರೂ ಬಾಯಿಬಿಟ್ಟು ರೇಟು ಹೇಳಲ್ಲ, ಲಾಟ್ ನಂಬರ್ ನೋಡ್ಕೊಂಡು ಹೋಗಿ ಆನ್‌ಲೈನ್‌ನಲ್ಲಿ ಟೆಂಡರ್ ಹಾಕ್ತಾರೆ. ಕರ್ನಾಟಕದಲ್ಲಿ ಇದು 2014ರಿಂದ ಬಂದ ಪದ್ಧತಿ, ಸರ್ಕಾರ ಮತ್ತೆ ಎನ್‌ಸಿಡಿಇಎಕ್ಸ್ ಅನ್ನೋ ಕೃಷಿ ಸರಕು ವಿನಿಮಯ ಕೇಂದ್ರದ ಕಡೆಯ ಕಂಪನಿ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅಂತ ಮಾಡಿ ಯಾರ್ಡ್‌ಗಳನ್ನೆಲ್ಲ ಒಂದೇ ಆನ್‌ಲೈನ್ ವೇದಿಕೆಗೆ ತಂದ್ರು. ಉದ್ದೇಶ ತುಂಬಾ ಒಳ್ಳೇದು, ಯಾವ ಊರಿನ ವರ್ತಕ ಬೇಕಾದ್ರೂ ಯಾವ ಯಾರ್ಡ್‌ನ ಮಾಲಿಗೆ ಬೇಕಾದ್ರೂ ಬೆಲೆ ಹಾಕಬಹುದು. ಇದರಿಂದ ಮೆಕ್ಕೆಜೋಳದ ಬೆಲೆ ಸರಾಸರಿ ನೂರಕ್ಕೆ ಮೂರೂವರೆಯಷ್ಟು ಏರಿದೆ ಅಂತ 2020ರಲ್ಲಿ ಒಂದು ಅಧ್ಯಯನವೂ ಬಂತು, ಅದನ್ನ ನಾನು ನಂಬ್ತೀನಿ.

ಮಧ್ಯಾಹ್ನ ಡಿಕ್ಲೇರ್ ಆಯ್ತು. ಮಾವನ ಲಾಟ್‌ಗೆ ಏಳು ಟೆಂಡರ್. ಮೊದಲನೇದು 2,141, ಎರಡನೇದು 2,140, ಮೂರನೇದು 2,138. ಪಕ್ಕದ ರಾಶಿಗೆ ಇನ್ನೊಬ್ಬರು 2,142, ಅಲ್ಲಿ ನಮ್ಮ 2,141ರವರು ಎರಡನೇ ಸ್ಥಾನದಲ್ಲಿದ್ರು. ಅದರ ಪಕ್ಕದ್ದಕ್ಕೆ ಮೂರನೇಯವರು. ಮಾವ ಬೋರ್ಡ್ ನೋಡಿ "ಏಳು ಮಂದಿ ಅದಾರ ಅಂತಾರ, ನನಗೆ ಒಬ್ಬನೇ ಕಂಡಂಗಾಯ್ತು" ಅಂದ್ರು. ಆ ಮಾತು ನನ್ನ ತಲೇಲಿ ಕೂತುಬಿಡ್ತು.

ಸಂಜೆ ಲೆಕ್ಕ. ಪಕ್ಕಾ ಬಿಲ್‌ನಲ್ಲಿ 64 ಕ್ವಿಂಟಲ್, 1,37,024 ರೂಪಾಯಿ, ರೈತರ ಕಡೆಯಿಂದ ಕಟಾವು ಏನೂ ಇಲ್ಲ, ಎಲ್ಲಾ ಸರಿ. ಜೊತೆಗೆ ಒಂದು ಬಿಳಿ ಚೀಟಿ. ಯಾರ್ಡ್ ಕಡೆ ಓಡಾಡೋ ರೈತರಿಗೆ ಇದನ್ನ ವಿವರಿಸೋದೇ ಬೇಡ. ಅಂಗೈ ಅಗಲದ ಕಾಗದ, ಅಂಗಡಿ ಹೆಸರಿಲ್ಲ, ಸೀಲಿಲ್ಲ, ನೀಲಿ ಪೆನ್ನಲ್ಲಿ ಮೇಲೆ 137024, ಕೆಳಗೆ "ದ" ಅಂತ ಒಂದೇ ಅಕ್ಷರ ಅದರ ಮುಂದೆ 4111, ಅದರ ಕೆಳಗೆ "ಮು 40000", "ಬ 4000", ಕೊನೆಗೆ ಗೆರೆ ಎಳೆದು 88913. ದ ಅಂದ್ರೆ ದಲಾಲಿ, ನೂರಕ್ಕೆ ಮೂರು. ಮು ಅಂದ್ರೆ ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಇದೇ ಅಂಗಡಿಯಿಂದ ತಗೊಂಡಿದ್ದ ಮುಂಗಡ. ಬ ಅಂದ್ರೆ ಐದು ತಿಂಗಳ ಬಡ್ಡಿ, ನೂರಕ್ಕೆ ಎರಡು ರೂಪಾಯಿ ಲೆಕ್ಕದಲ್ಲಿ. ನಮ್ಮ ರಾಜ್ಯದಲ್ಲಿ ದಲಾಲಿ ಕೊಡ್ಬೇಕಾಗಿರೋದು ಖರೀದಿದಾರ, ರೈತರ ಹತ್ರ ಮುರಕೊಳ್ಳೋ ಹಾಗೇ ಇಲ್ಲ. ಅದಕ್ಕೇ ಅದು ಬಿಳಿ ಚೀಟೀಲಿ ಬರೋದು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಲಾ ಓದುವಾಗ ಕಾಂಪಿಟಿಷನ್ ಆಕ್ಟ್ 2002, ಅಂದ್ರೆ ಸ್ಪರ್ಧಾ ಕಾಯ್ದೆ ಅಂತ ಒಂದು ಪೇಪರ್ ಇತ್ತು, ಅದರ 3ನೇ ಸೆಕ್ಷನ್‌ನಲ್ಲಿ ಸ್ಪರ್ಧಿಗಳು ಒಳಗೊಳಗೇ ಮಾತಾಡ್ಕೊಂಡು ಬೆಲೆ ನಿಗದಿ ಮಾಡೋದು, ಮಾರುಕಟ್ಟೆ ಹಂಚ್ಕೊಳ್ಳೋದು, ಟೆಂಡರ್‌ನಲ್ಲಿ ಕೈಜೋಡಿಸೋದು ಇವೆಲ್ಲ ಬರುತ್ತೆ. ಒಪ್ಪಂದ ಅಂದ್ರೆ ಬಾಂಡ್ ಪೇಪರ್ ಮೇಲೆ ಬರೆದಿರ್ಬೇಕು ಅಂತಿಲ್ಲ, ಟೀ ಅಂಗಡಿ ಮುಂದೆ ನಿಂತು ಮಾಡ್ಕೊಂಡ ತಿಳುವಳಿಕೆಯೂ ಕಾಯ್ದೆ ಪ್ರಕಾರ ಒಪ್ಪಂದವೇ. ಅದು ಸಾಬೀತಾದ್ರೆ ಸಾಕು, ಸ್ಪರ್ಧೆಗೆ ಹಾನಿ ಆಗಿದೆ ಅಂತ ಕಾನೂನೇ ಊಹೆ ಮಾಡ್ಕೊಳ್ಳುತ್ತೆ, ಹಾನಿ ಆಗಿಲ್ಲ ಅಂತ ತೋರಿಸೋ ಭಾರ ಅವರ ಮೇಲೆ ಬೀಳುತ್ತೆ. ಸಿಕ್ಕಿಹಾಕ್ಕೊಂಡ್ರು ಅಂದ್ಕೊಂಡೆ. ಅಷ್ಟು ಸುಲಭ ಇರ್ಲಿಲ್ಲ.

ಯಾರ್ಡ್‌ನಲ್ಲಿ ಲೆಕ್ಕ ಬರೆಯೋ ಒಬ್ಬ ಗೆಳೆಯ ಇದ್ದ, ದಿನಾ ಡಿಕ್ಲೇರ್ ಆದ ಪಟ್ಟಿ ಫೋಟೋ ತೆಗೆದು ಕಳಿಸು ಮಾರಾಯ ಅಂದೆ. 14 ದಿನದ ವಹಿವಾಟು, 186 ಲಾಟ್, ಎಲ್ಲ ಎಕ್ಸೆಲ್‌ಗೆ ಹಾಕ್ದೆ. 151 ಲಾಟ್‌ಗಳಲ್ಲಿ ಮೊದಲನೇ ಮತ್ತೆ ಎರಡನೇ ಟೆಂಡರ್ ನಡುವಿನ ಅಂತರ ಮೂರು ರೂಪಾಯಿ ಒಳಗೇ. ಐದು ಜನ ಖರೀದಿದಾರ್ರು ದಿನಾ ಹೆಚ್ಚುಕಮ್ಮಿ ಸಮನಾಗಿ ಮಾಲು ಎತ್ತಿದ್ರು. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ಮೂರು ದಿನ ಹೊರಗಿನವರೊಬ್ಬರು ಟೆಂಡರ್ ಹಾಕಿದ್ರು, ತಮಿಳುನಾಡಿನ ನಾಮಕ್ಕಲ್ ಕಡೆ ಕೋಳಿ ಫಾರಂಗಳಿಗೆ ಮೆಕ್ಕೆಜೋಳ ಕಳಿಸೋರಂತೆ. ಆ ಮೂರು ದಿನ ರೇಟು ಹಿಂದಿನ ದಿನಕ್ಕಿಂತ ಸರಾಸರಿ 62 ರೂಪಾಯಿ ಮೇಲೆ, ಅವರು ಹೋದ ಮಾರನೇ ದಿನ ಮತ್ತೆ ಕೆಳಗೆ.

ಇಲ್ಲಿ ಒಂದು ಕ್ಷಣ ನಿಲ್ಬೇಕು. ಅವತ್ತು ಎಲ್ಲ ಕಡೆ ರೇಟು ಏರಿತ್ತೇನೋ, ಅದಕ್ಕೇ ಅವರೂ ಬಂದಿದ್ರೇನೋ? ಹಾಗಾಗಿ ಪಕ್ಕದ ಇನ್ನೊಂದು ಯಾರ್ಡ್‌ನ ಅದೇ ಮೂರು ದಿನದ ಧಾರಣೆಯನ್ನ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಲ್ಲಿ ನೋಡ್ದೆ. ಅಲ್ಲೂ ಏರಿತ್ತು, ಆದ್ರೆ 12 ರೂಪಾಯಿ ಮಾತ್ರ. ಅಂದ್ರೆ 12 ರೂಪಾಯಿ ಎಲ್ಲರಿಗೂ ಬಂದ ಗಾಳಿ, ಉಳಿದ 50 ಆ ಒಬ್ಬ ಹೊರಗಿನವರು ಬಂದು ಕೂತಿದ್ದಕ್ಕೆ. ಒಬ್ಬೇ ಒಬ್ಬ ಗಿರಾಕಿ ಹೆಚ್ಚಾಗಿದ್ದಕ್ಕೆ ಕ್ವಿಂಟಲ್‌ಗೆ 50 ರೂಪಾಯಿ! ಆ ಐದು ಜನ ಮೇಲೆ ಏರಿಸೋಕೆ ಜಾಗ ಇದ್ರೂ ಏರಿಸ್ತಿರ್ಲಿಲ್ಲ ಅಂತಾಯ್ತು.

ಇದನ್ನ ಹಿಡ್ಕೊಂಡು ನಮ್ಮ ಸೀನಿಯರ್ ವಕೀಲರ ಹತ್ರ ಹೋದೆ. ಅವರು ಪೂರ್ತಿ ನೋಡಿ, ಕನ್ನಡಕ ತೆಗೆದಿಟ್ಟು, "ಮಾತ್ರೆ ಕೇಸೂ ಓದು, ಸಿಲಿಂಡರ್ ಕೇಸೂ ಓದು, ಆಮೇಲೆ ಬಾ" ಅಂದ್ರು.

ಮಾತ್ರೆ ಕೇಸು ಅಂದ್ರೆ ಕಾಳಿಗೆ ಹುಳ ಬೀಳದಿರ್ಲಿ ಅಂತ ಗೋಡೌನ್‌ನಲ್ಲಿ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಕೇಸು. ಭಾರತೀಯ ಆಹಾರ ನಿಗಮ 2009ರಲ್ಲಿ ಈ ಮಾತ್ರೆಗೆ ಟೆಂಡರ್ ಕರೀತು, ಎಕ್ಸೆಲ್ ಕ್ರಾಪ್ ಕೇರ್, ಯುನೈಟೆಡ್ ಫಾಸ್ಫರಸ್, ಸಂಧ್ಯಾ ಆರ್ಗ್ಯಾನಿಕ್ ಅಂತ ಮೂರು ಕಂಪನಿ ಕಿಲೋಗೆ 388 ರೂಪಾಯಿ ಅಂತ ಒಂದು ಪೈಸೆ ವ್ಯತ್ಯಾಸ ಇಲ್ದೆ ಬರೆದ್ವು. ಫ್ಯಾಕ್ಟರಿ ಬೇರೆ ಬೇರೆ, ಖರ್ಚು ಬೇರೆ ಬೇರೆ, ಬೆಲೆ ಮಾತ್ರ ಒಂದೇ. ಈ ಕಾಯ್ದೆ ಜಾರಿ ಮಾಡೋ ಸ್ಪರ್ಧಾ ಆಯೋಗ 2012ರಲ್ಲಿ ದಂಡ ಹಾಕ್ತು, ಯುನೈಟೆಡ್ ಫಾಸ್ಫರಸ್ ಒಂದಕ್ಕೇ 252 ಕೋಟಿ. ಕೈಜೋಡಿಸಿದ್ದು ನಿಜ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ತು, ಆದ್ರೆ ದಂಡ ಕಂಪನಿಯ ಒಟ್ಟು ವಹಿವಾಟಿನ ಮೇಲೆ ಅಲ್ಲ, ಆ ಮಾತ್ರೆಯ ವಹಿವಾಟಿನ ಮೇಲೆ ಮಾತ್ರ ಅಂತು, 252 ಕೋಟಿ ಇದ್ದದ್ದು 7 ಕೋಟಿಯ ಒಳಗೆ ಬಂತು. ಸಿಕ್ಕಿಬೀಳೋದೇ ಅಪರೂಪ, ಸಿಕ್ಕಿದ್ರೂ ಕಟ್ಟೋದು ಇಷ್ಟೇ ಅಂದ್ರೆ ಲೆಕ್ಕ ಗೊತ್ತಿರೋ ವ್ಯಾಪಾರಿಗೆ ಯಾವ ದಾರಿ ಲಾಭ ಅಂತ ಹೇಳಿಕೊಡ್ಬೇಕಾ? 2023ರ ತಿದ್ದುಪಡಿ ಇದನ್ನ ತಿರುಗಿಸಿ ಕಂಪನಿಯ ಜಾಗತಿಕ ವಹಿವಾಟನ್ನೇ ದಂಡದ ಲೆಕ್ಕಕ್ಕೆ ತಂತು, ಅದು ಸರಿಯಾದ ಹೆಜ್ಜೆ ಅಂತ ನನ್ನ ಅನಿಸಿಕೆ.

ಸಿಲಿಂಡರ್ ಕೇಸು ಉಲ್ಟಾ. ಇಂಡಿಯನ್ ಆಯಿಲ್ ಕಂಪನಿಗೆ ಗ್ಯಾಸ್ ಸಿಲಿಂಡರ್ ಮಾಡಿಕೊಡೋ ನಲವತ್ತಕ್ಕೂ ಹೆಚ್ಚು ಕಂಪನಿಗಳು ಟೆಂಡರ್‌ನಲ್ಲಿ ಒಂದೇ ಥರದ ಬೆಲೆ ಹಾಕಿದ್ವು, ಆಯೋಗ ದಂಡ ಹಾಕ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಯಾಕಂದ್ರೆ ಆ ಸಿಲಿಂಡರ್ ಕೊಳ್ಳೋರೇ ದೇಶದಲ್ಲಿ ಮುಖ್ಯವಾಗಿ ಮೂರು ಸರ್ಕಾರಿ ಕಂಪನಿ, ಬೆಲೆ ಎಷ್ಟರಲ್ಲಿ ನಿಲ್ಲುತ್ತೆ ಅಂತ ಎಲ್ಲರಿಗೂ ಮೊದಲೇ ಗೊತ್ತು, ಹಾಗಿದ್ಮೇಲೆ ಮಾತಾಡ್ಕೊಳ್ಳದೇನೂ ಒಂದೇ ಬೆಲೆ ಬರಬಹುದು, ಬರೀ ಬೆಲೆ ಒಂದೇ ಇದೆ ಅನ್ನೋದು ಸಾಕ್ಷಿ ಆಗಲ್ಲ ಅಂತ.

ಈ ಎರಡನ್ನ ಓದಿ ಮತ್ತೆ ಯಾರ್ಡ್‌ಗೆ ಹೋಗಿ, ಖರೀದಿದಾರರಲ್ಲೇ ಒಬ್ಬರ ಹತ್ರ ಕೂತು ನೇರವಾಗಿ ಕೇಳ್ದೆ. ಅವರು ಬೇಜಾರು ಮಾಡ್ಕೊಳ್ಳದೆ ಫೋನ್ ತೆಗೆದು ತೋರಿಸಿದ್ರು, ಬೆಳಿಗ್ಗೆ ಒಂಬತ್ತಕ್ಕೆ ಮಿಲ್ ಕಡೆಯಿಂದ ವಾಟ್ಸಾಪ್‌ನಲ್ಲಿ ರೇಟು ಬರುತ್ತೆ, ಅದರಲ್ಲಿ ಲಾರಿ ಬಾಡಿಗೆ, ಚೀಲ, ಹಮಾಲಿ, ಮಾರುಕಟ್ಟೆ ಶುಲ್ಕ, ದಲಾಲಿ ಕಳೆದ್ರೆ ಉಳಿಯೋದೇ ಟೆಂಡರ್. "ಐದೂ ಜನ ಅದೇ ಎರಡು ಮಿಲ್ಲಿಗೆ ಹಾಕೋದು ಸಾರ್, ಕಳೆಯೋ ಲೆಕ್ಕ ಎಲ್ಲರದೂ ಒಂದೇ, ಬೇರೆ ನಂಬರ್ ಎಲ್ಲಿಂದ ಬರ್ಬೇಕು?" ಅಂದ್ರು. ಮತ್ತೆ ಸಮನಾಗಿ ಹಂಚ್ಕೊಂಡಿರೋದು? "ದಿನಕ್ಕೊಂದು ಲಾರಿ ಲೋಡು ಆಗೋವಷ್ಟು ಎತ್ತಿದ್ಮೇಲೆ ನಾನ್ಯಾಕೆ ರೇಟು ಏರಿಸ್ಲಿ?" ಇದೂ ಸುಳ್ಳಲ್ಲ. ಆದ್ರೆ ಹೊರಗಿನವರು ಬಂದ ದಿನ ಅದೇ ಕಳೆಯೋ ಲೆಕ್ಕದಲ್ಲಿ 50 ರೂಪಾಯಿ ಎಲ್ಲಿಂದ ಹುಟ್ತು ಅಂದಾಗ ಅವರು ಟೀ ತರಿಸಿದ್ರು, ಉತ್ತರ ಕೊಡ್ಲಿಲ್ಲ.

ಅರ್ಥಶಾಸ್ತ್ರದಲ್ಲಿ ಜಾರ್ಜ್ ಸ್ಟಿಗ್ಲರ್ 1964ರಲ್ಲೇ ಹೇಳಿದ್ದ ಮಾತೊಂದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತೆ. ಕೂಡಿ ಬೆಲೆ ಹಿಡಿಯೋರಿಗೆ ದೊಡ್ಡ ಭಯ ಪೊಲೀಸರಲ್ಲ, ತಮ್ಮಲ್ಲೇ ಒಬ್ಬ ಕದ್ದು ಬೇರೆ ಬೆಲೆಗೆ ವ್ಯಾಪಾರ ಮಾಡಿಬಿಡ್ತಾನೆ ಅನ್ನೋದು. ಹಾಗೆ ಮಾಡಿದ್ದು ಬೇಗ ಗೊತ್ತಾಗೋ ಮಾರುಕಟ್ಟೇಲಿ ಕೂಟ ಗಟ್ಟಿಯಾಗಿ ನಿಲ್ಲುತ್ತೆ, ಗೊತ್ತಾಗದ ಕಡೆ ಮುರಿದು ಬೀಳುತ್ತೆ. ಈಗ ನಮ್ಮ ಟೆಂಡರ್ ಪಟ್ಟಿ ನೋಡಿ, ಡಿಕ್ಲೇರ್ ಆದ ಮೇಲೆ ಯಾರು ಎಷ್ಟು ಹಾಕಿದ್ರು ಅನ್ನೋದು ಎಲ್ಲರ ಕಣ್ಣಿಗೂ ಬೀಳುತ್ತೆ. ಪಾರದರ್ಶಕತೆ ಅಂತ ರೈತರಿಗಾಗಿ ಮಾಡಿದ್ದು, ಅದೇ ಪಟ್ಟಿ ಆ ಐದು ಜನಕ್ಕೆ ಒಬ್ಬರ ಮೇಲೊಬ್ಬರು ಕಣ್ಣಿಡೋಕೂ ಆಗುತ್ತೆ, ಮಾತಾಡ್ಕೊಳ್ಳೋ ಅಗತ್ಯವೇ ಇಲ್ಲ. ಡೆನ್ಮಾರ್ಕ್‌ನಲ್ಲಿ 1993ರಲ್ಲಿ ಹೀಗೇ ಆಗಿತ್ತು, ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಸ್ಪರ್ಧೆ ಹೆಚ್ಲಿ ಅಂತ ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿಗಳ ನಿಜವಾದ ಮಾರಾಟ ಬೆಲೆಗಳನ್ನ ಪ್ರಕಟಿಸೋಕೆ ಶುರು ಮಾಡಿದ್ರೆ ಒಂದು ವರ್ಷದೊಳಗೆ ಬೆಲೆ 15ರಿಂದ 20 ಪರ್ಸೆಂಟ್ ಏರಿಹೋಯ್ತು, ಯಾಕಂದ್ರೆ ಗುಟ್ಟಾಗಿ ಕೊಡ್ತಿದ್ದ ರಿಯಾಯಿತಿ ಕೊಡೋ ಧೈರ್ಯ ಯಾರಿಗೂ ಉಳೀಲಿಲ್ಲ. ನಮ್ಮಲ್ಲಿ ರೈತರಿಗೆ ಗೆದ್ದ ಬೆಲೆ ತೋರಿಸಿದ್ರೆ ಸಾಕು, ಸೋತೋರ ಹೆಸರು ಮತ್ತೆ ನಂಬರ್ ಎಲ್ಲರಿಗೂ ಕಾಣೋ ಹಾಗಿರೋದು ಬೇಡ. ಇದು ಕಾಯ್ದೆ ತಿದ್ದುವಷ್ಟು ದೊಡ್ಡ ಕೆಲಸವೂ ಅಲ್ಲ.

ಹಾಗಾಗಿ ಇದು ಕಾರ್ಟೆಲ್, ಅಂದ್ರೆ ಕೂಡಿ ಬೆಲೆ ಹಿಡಿಯೋ ಕೂಟ ಅಂತ ದೆಹಲಿಯ ಸ್ಪರ್ಧಾ ಆಯೋಗಕ್ಕೆ ಬರೆಯೋ ಯೋಚನೆ ಬಿಟ್ವಿ. ಸಾಕ್ಷಿ ಅಂತ ಕೈಲಿದ್ದದ್ದು ಬೆಲೆಯ ಅಂಕಿಗಳು ಮಾತ್ರ. ಆಮೇಲೆ ಮುಂಗಡದ ವಿಷಯಕ್ಕೆ ಬಂದೆ, ಅಲ್ಲೇ ನನಗೆ ನಿಜವಾದ ಗಂಟು ಕಂಡಿದ್ದು.

ಮಾವ ಆ ಅಂಗಡಿ ಮುಂದೇನೇ ಯಾಕೆ ರಾಶಿ ಹಾಕಿದ್ರು? ಜೂನ್‌ನಲ್ಲಿ 40,000 ತಗೊಂಡಿದ್ರಲ್ಲ, ಮಾಲು ಇನ್ನೆಲ್ಲಿಗೂ ಒಯ್ಯೋ ಹಾಗಿಲ್ಲ. ಅದೇ ದಲಾಲರ ಮನೆಯವರೊಬ್ಬರ ಹೆಸರಲ್ಲಿ ಖರೀದಿ ಲೈಸೆನ್ಸೂ ಇದೆ, ಐದು ಜನರಲ್ಲಿ ಅವರೂ ಒಬ್ಬರು. ಮಾರಿಕೊಡೋರೂ ಅವರೇ, ಕೊಳ್ಳೋರಲ್ಲೂ ಅವರಿದಾರೆ, ಸಾಲ ಕೊಟ್ಟೋರೂ ಅವರೇ. ಪ್ರಣಬ್ ಬರ್ಧನ್ ಥರದ ಅರ್ಥಶಾಸ್ತ್ರಜ್ಞರು ನಮ್ಮ ಹಳ್ಳಿಗಳ ಬಗ್ಗೆ ಬರೀತಾ ಸಾಲದ ಮಾರುಕಟ್ಟೆ, ಬೆಳೆ ಮಾರುಕಟ್ಟೆ ಒಂದಕ್ಕೊಂದು ಬೆಸೆದುಕೊಂಡಿರುತ್ತೆ, ಬೇರೆ ಬೇರೆ ಮಾಡಿ ನೋಡಿದ್ರೆ ಅರ್ಥ ಆಗಲ್ಲ ಅಂತ ಹೇಳಿದ್ದು ಇದನ್ನೇ. ಸ್ಪರ್ಧಾ ಕಾಯ್ದೇಲಿ ಇದಕ್ಕೂ ಒಂದು ಹೆಸರಿದೆ, ಒಂದು ಬೇಕಂದ್ರೆ ಇನ್ನೊಂದನ್ನೂ ನನ್ನತ್ರನೇ ಮಾಡ್ಬೇಕು ಅನ್ನೋ ಕಟ್ಟು. ಆದ್ರೆ ಅದಕ್ಕೆ ಹಾನಿ ಆಗಿದೆ ಅಂತ ಕಾನೂನೇ ಊಹೆ ಮಾಡ್ಕೊಳ್ಳೋ ಅನುಕೂಲ ಇಲ್ಲ, ಮಾರುಕಟ್ಟೆಗೆ ಗಣನೀಯ ಹಾನಿ ಆಗಿದೆ ಅಂತ ನಾವೇ ತೋರಿಸ್ಬೇಕು. ಪ್ರಾಬಲ್ಯದ ದುರುಪಯೋಗ ಅಂತ 4ನೇ ಸೆಕ್ಷನ್ ಇದೆ, ಅದಕ್ಕೆ ಆ ಅಂಗಡಿ ಇಡೀ ಮಾರುಕಟ್ಟೇಲೇ ಪ್ರಬಲ ಆಗಿರ್ಬೇಕು. ಸಾಲು ಅಂಗಡಿಗಳಿರೋ ಯಾರ್ಡ್‌ನಲ್ಲಿ ಒಂದು ದಲಾಲಿ ಅಂಗಡಿ ಪ್ರಬಲ ಅಂತ ಯಾರು ಒಪ್ತಾರೆ? ಯಾರ್ಡ್ ಲೆಕ್ಕದಲ್ಲಿ ಅದು ಚಿಕ್ಕ ಅಂಗಡಿ. ನಮ್ಮ ಮಾವನ ಲೆಕ್ಕದಲ್ಲಿ ಇರೋದೇ ಅದೊಂದು. ಈ ಎರಡನೇ ಲೆಕ್ಕ ಕಾನೂನಿನ ಕಣ್ಣಿಗೆ ಬೀಳೋದೇ ಇಲ್ಲ ಅನ್ನೋದು ನನಗೆ ಬಹಳ ನೋವಿನ ಸಂಗತಿ.

ಒಟ್ಟು ಲೆಕ್ಕ ಹಾಕ್ದೆ. ಬೆಲೇಲಿ ಹೋಗಿದ್ದು ಕ್ವಿಂಟಲ್‌ಗೆ 50ರಂತೆ 3,200. ದಲಾಲಿ 4,111. ಬಡ್ಡಿ 4,000. ಒಟ್ಟು 11,311, ನೂರಕ್ಕೆ ಎಂಟು ರೂಪಾಯಿ ಮೇಲೆ. ಇದರಲ್ಲಿ ಟೆಂಡರ್‌ನಿಂದ ಆಗಿದ್ದು ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ, ಉಳಿದಿದ್ದೆಲ್ಲ ಜೂನ್‌ನಲ್ಲಿ ತಗೊಂಡ ಆ 40,000ದಿಂದ.

ಸರಿ, ನಮ್ಮ ರಾಜ್ಯದಲ್ಲಿ ಸೊಸೈಟಿಗಳಿಂದ ಬಡ್ಡಿ ಇಲ್ದೇ ಬೆಳೆ ಸಾಲ ಸಿಗುತ್ತಲ್ಲ, ಮಿತಿ 3 ಲಕ್ಷ ಇದ್ದದ್ದು 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿದೆ, ಮಾವ ಯಾಕೆ ಅಲ್ಲಿಗೆ ಹೋಗ್ಲಿಲ್ಲ? ಕೇಳಿದ್ರೆ ಪಹಣಿ ತಂದು ಮುಂದಿಟ್ರು. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ ಆಗಿಲ್ಲ, ಮಾವನ ತಮ್ಮ ಬೆಂಗಳೂರಲ್ಲಿ, ಅತ್ತೆಯೊಬ್ಬರು ಹೊಳಲ್ಕೆರೆ ಕಡೆ, ಎಲ್ಲರ ಸಹಿ ಕೂಡಿ ಬರ್ಲಿಲ್ಲ, ವರ್ಷ ಕಳೀತು. ಪಹಣಿಲಿ ಹೆಸರಿಲ್ದೋರಿಗೆ ಸೊಸೈಟಿ ಸಾಲ ಇಲ್ಲ, ಸೊಸೈಟಿ ಸಾಲ ಇಲ್ದೋರಿಗೆ ದಲಾಲರೇ ದಿಕ್ಕು, ದಲಾಲರು ಕೊಟ್ಟ ಮೇಲೆ ಯಾರ್ಡ್‌ನಲ್ಲಿ ಏಳು ಟೆಂಡರ್ ಬಂದ್ರೂ ಅಷ್ಟೇ, ಎಪ್ಪತ್ತು ಬಂದ್ರೂ ಅಷ್ಟೇ. ಮೆಕ್ಕೆಜೋಳದ ಪೈಪೋಟಿ ಸತ್ತಿದ್ದು ನವೆಂಬರ್‌ನ ಟೆಂಡರ್ ಹಾಲ್‌ನಲ್ಲಿ ಅಂತ ನಾನು ಹುಡುಕ್ತಿದ್ದೆ, ಅದು ಜೂನ್‌ನಲ್ಲೇ ನಾಡಕಚೇರಿ ಬಾಗಿಲಲ್ಲಿ ಸತ್ತಿತ್ತು.

ಮೂರು ಕೆಲಸ ಮಾಡಿದ್ವಿ. ಮೊದಲು ಆ 4,111ಕ್ಕೆ ಮಾರುಕಟ್ಟೆ ಸಮಿತಿಗೆ ಅರ್ಜಿ. ಚೀಟೀಲಿ ಅಂಗಡಿ ಹೆಸರಿಲ್ಲ ನಿಜ, ಆದ್ರೆ ಪಕ್ಕಾ ಬಿಲ್ 1,37,024, ಬ್ಯಾಂಕಿಗೆ ಬಂದಿದ್ದು 88,913, ಜೂನ್‌ನಲ್ಲಿ ಅವರ ಖಾತೆಯಿಂದ ಮಾವನಿಗೆ ಬಂದಿದ್ದು 40,000, ನಡುವಿನ 8,111 ಎಲ್ಲಿ ಅಂತ ಒಂದೇ ಪ್ರಶ್ನೆ. ಕರೆಸಿ ಕೇಳಿದ ಮೇಲೆ ದಲಾಲಿ ವಾಪಸ್ ಬಂತು, ಬಡ್ಡಿ ಬರ್ಲಿಲ್ಲ. ದೊಡ್ಡ ಕಾನೂನು ಹಿಡಿಯೋಕೆ ಆಗದ್ದನ್ನ 1966ರ ಹಳೇ ಎಪಿಎಂಸಿ ಕಾಯ್ದೆ ಒಂದು ಅಂಗೈ ಅಗಲದ ಕಾಗದದಿಂದ ಹಿಡೀತು. ಆದ್ರೆ ದಲಾಲರು ಮಾವನಿಗೆ "ಮುಂದಿನ ವರ್ಷ ಬೇರೆ ಅಂಗಡಿ ನೋಡ್ಕೊಳ್ರಿ ಯಜಮಾನ್ರೆ" ಅಂದ್ರು, ಮಾವ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಅವರ ಸಿಟ್ಟು ನ್ಯಾಯವಾಗಿತ್ತು, 4,111 ತಂದುಕೊಟ್ಟು ನಾನು 40,000ದ ದಾರಿ ಮುಚ್ಚಿದ್ದೆ.

ಎರಡನೇದು ಪೌತಿ ಖಾತೆ. ಜನವರಿಲಿ ಅರ್ಜಿ, ಬೆಂಗಳೂರಿಂದ ಚಿಕ್ಕಮಾವನ್ನ ಕರೆಸಿ, ಹೊಳಲ್ಕೆರೆ ಕಡೆಯ ಅತ್ತೆ ಮನೆಗೆ ಎರಡು ಸಾರಿ ಹೋಗಿ, ಮೇ ತಿಂಗಳಿಗೆ ಹೆಸರು ಬಂತು. ಮೂರನೇದು ಸೊಸೈಟಿ ಸದಸ್ಯತ್ವ ಮತ್ತೆ ಸಾಲ. ಅದು ಕೈಗೆ ಬಂದಿದ್ದು ಜುಲೈನಲ್ಲಿ, ಬಿತ್ತನೆ ಮುಗಿದ ಮೇಲೆ, ಬೀಜಕ್ಕೆ ಮಾವನ ಹೆಂಡತಿ, ನಮ್ಮತ್ತೆಯ ಸರ ಬ್ಯಾಂಕಲ್ಲಿ ಅಡ ಇಟ್ಟಿದ್ವಿ, ಮೇಲುಗೊಬ್ಬರಕ್ಕೆ ಸಾಲ ಸಿಕ್ತು.

ಇದರ ನಡುವೆ ಊರಲ್ಲಿ ಒಬ್ಬರು ಕೇಳಿದ್ರು, ನಾವೆಲ್ಲ ಸೇರಿ ಒಂದೇ ರೇಟಿಗೆ ಮಾರ್ತೀವಿ ಅಂದ್ರೆ ಅದೂ ಕಾರ್ಟೆಲ್ ಅಲ್ವಾ ಅಂತ. ಒಳ್ಳೇ ಪ್ರಶ್ನೆ. ಅಮೆರಿಕದಲ್ಲಿ 1922ರಲ್ಲೇ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ ಮಾಡಿ ರೈತರ ಕೂಟಗಳಿಗೆ ವಿನಾಯಿತಿ ಕೊಟ್ರು, ನೂರಾರು ಸಣ್ಣ ಮಾರಾಟಗಾರರು ಕೆಲವೇ ದೊಡ್ಡ ಖರೀದಿದಾರರ ಮುಂದೆ ನಿಲ್ಲೋದಕ್ಕೆ ಅದು ಬೇಕು ಅಂತ. ನಮ್ಮಲ್ಲಿ ಅಂಥ ನೇರ ವಿನಾಯಿತಿ ಇಲ್ಲ, ಆದ್ರೆ ರೈತ ಉತ್ಪಾದಕ ಕಂಪನಿ ಕಟ್ಕೊಂಡು ಅದರ ಹೆಸರಲ್ಲೇ ಮಾರಿದ್ರೆ ಮಾರಾಟಗಾರ ಒಬ್ಬನೇ ಆಗ್ತಾನೆ, ಒಂದು ಲಾರಿ ಲೋಡು ತುಂಬೋವಷ್ಟು ಮಾಲಿದ್ರೆ ನಾಮಕ್ಕಲ್‌ನವರಿಗೂ ನೇರ ಮಾತಾಡಬಹುದು. ಊರಲ್ಲಿ ಅದಿನ್ನೂ ಆಗಿಲ್ಲ.

2025ರ ನವೆಂಬರ್ ಬಂತು. ಈ ಸಾರಿ ರೇಟೇ ಬಿದ್ದಿತ್ತು, ಬೆಂಬಲ ಬೆಲೆ 2,400 ಅಂತ ಘೋಷಣೆ ಆಗಿದ್ರೂ ಯಾರ್ಡ್‌ನಲ್ಲಿ 1,800 ದಾಟೋದು ಕಷ್ಟ ಆಗಿತ್ತು. ಖರೀದಿದಾರರು ಎಷ್ಟೇ ಪೈಪೋಟಿ ಮಾಡಿದ್ರೂ ಮಿಲ್ಲಿನ ರೇಟು ಬಿದ್ರೆ ಅದನ್ನ ಯಾವ ಸ್ಪರ್ಧಾ ಕಾಯ್ದೆಯೂ ಎತ್ತಲ್ಲ, ಇದನ್ನ ಮಾವನಿಗೆ ಮೊದಲೇ ಹೇಳಿದ್ದೆ. ಅವರು ಟ್ರಾಕ್ಟರ್ ತರ್ಲಿಲ್ಲ. ಐದು ಕೆಜಿಯ ಚೀಲದಲ್ಲಿ ಸ್ಯಾಂಪಲ್ ಹಿಡ್ಕೊಂಡು ಬಸ್ಸಲ್ಲಿ ಬಂದ್ರು, ಒಂದು ಅಂಗಡಿಲಿ ತೋರಿಸಿದ್ರು, ಎರಡನೇದರಲ್ಲಿ ತೋರಿಸಿದ್ರು, ಮೂರನೇದರಲ್ಲಿ ಕೂತು ನೀರು ಕುಡಿದು "ಚೀಟಿ ಬಿಳೀದು ಕೊಡ್ತೀರೋ, ಬಿಲ್ಲು ಕೊಡ್ತೀರೋ" ಅಂತ ಕೇಳಿದ್ರು. ನಾಲ್ಕನೇ ಅಂಗಡಿಯವರು ಬಿಲ್ಲೇ ಅಂದ್ರು. ಅರ್ಧ ಮಾಲು ಅಲ್ಲಿ ಹಾಕಿ, ಇನ್ನರ್ಧ ಮನೇಲಿ ಇಟ್ಕೊಂಡಿದಾರೆ.